ಹೊನ್ನೆಮರದ ಗೀಟು

ಒಂದು ಕಾಡಿನ ನಡುವೆ ಹೊಳೆಯೊಂದು ಹರಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಹೊಳೆ ಪೂರ್ತಿ ಬತ್ತಿ, ಬಂಡೆಗಳ ಸಂದಿಯಲ್ಲಿ ಒಂದೇ ಒಂದು ಮಡು ಉಳಿಯುತ್ತಿತ್ತು. ಆ ನೀರಿಗಾಗಿ ಎರಡು ದಂಡೆಯ ಪ್ರಾಣಿಗಳು ಹಿಂದೆ ಹೊಡೆದಾಡಿ ಸತ್ತಿದ್ದವು. ಸತ್ತು ಸತ್ತು ಬುದ್ಧಿ ಬಂದ ಮೇಲೆ ಹಿರಿಯರು ಒಂದು ಕಟ್ಟಳೆ ಮಾಡಿದರು. ಹೊಳೆ ಬತ್ತಿದ ವರ್ಷ ಎರಡೂ ದಂಡೆಯ ಹರೆಯದವರು ಮರಳಿನ ಮೇಲೆ ಕಾಲ್ಚೆಂಡು ಆಡಬೇಕು. ಒಣಗಿದ ಬೇಲದ ಕಾಯಿಯೇ ಚೆಂಡು. ಗೆದ್ದ ದಂಡೆಗೆ ಮಡು. ಸೋತವರು ಗುಡ್ಡದಾಚೆಯ ಜೌಗಿಗೆ ಹೋಗಿ ನೀರು ಕುಡಿಯಬೇಕು. ಜೌಗಿನ ದಾರಿಯಲ್ಲಿ ಚಿರತೆ ಇತ್ತು.

ಎಡದಂಡೆಯಲ್ಲಿ ಒಬ್ಬ ಕಡವೆಯ ಮರಿ ಇದ್ದ. ಓರಗೆಯವರಿಗಿಂತ ಕುಳ್ಳು. ಅದಕ್ಕೇ ಎಲ್ಲರೂ ಅವನನ್ನು ಗಿಡ್ಡು ಎಂದು ಕರೆಯುತ್ತಿದ್ದರು. ಆದರೆ ಬೇಲದ ಕಾಯಿ ಕಾಲಿಗೆ ಸಿಕ್ಕರೆ ಗಿಡ್ಡುವನ್ನು ಹಿಡಿಯುವವರೇ ಇರಲಿಲ್ಲ. ಒಂದು ಗೊರಸಿನಿಂದ ಇನ್ನೊಂದು ಗೊರಸಿಗೆ ಕಾಯಿಯನ್ನು ಉರುಳಿಸುತ್ತಾ, ಅಮ್ಮನ ನಾಲ್ಕು ಕಾಲಿನ ಸಂದಿಯಲ್ಲೇ ದಾಟಿಸಿಕೊಂಡು ಹೋಗುತ್ತಿದ್ದ.

ತಾಯಿ ಕಡವೆ ಆ ಕಾಲನ್ನು ನೋಡಲಿಲ್ಲ. ಕುಳ್ಳನ್ನು ಮಾತ್ರ ನೋಡಿದಳು. ಪಕ್ಕದ ಹಂದಿಯಕ್ಕನ ಮಗ ಗುಂಡುಗಲ್ಲಿನ ಹಾಗೆ ಬೆಳೆದಿದ್ದ. ಅದು ಅವಳ ಕಣ್ಣು ಚುಚ್ಚುತ್ತಿತ್ತು. ಹೆತ್ತವರ ರೋಗವೇ ಇದು. ತಮ್ಮ ಮನೆಯ ಹಣತೆಗಿಂತ ಪಕ್ಕದ ಮನೆಯ ಹೊಗೆಯೇ ದೊಡ್ಡದಾಗಿ ಕಾಣುತ್ತದೆ.

ಆಗ ಎಲ್ಲಿಂದಲೋ ಒಂದು ಗುಳ್ಳೆನರಿ ಬಂದ. "ಏಳು ಕಾಡಿನಲ್ಲಿ ಆಟ ಕಲಿಸಿ ಬಂದ ಮೇಷ್ಟ್ರು ನಾನು. ಮಕ್ಕಳನ್ನ ನನ್ನ ಹತ್ತಿರ ಬಿಡಿ. ದಿನಾ ಒಂದಿಷ್ಟು ಬೋರೆಹಣ್ಣು, ಒಂದಿಷ್ಟು ಏಡಿ ಸಾಕು" ಎಂದ.

"ನಮ್ಮವನು ಕುಳ್ಳ, ಮೇಷ್ಟ್ರೇ" ಎಂದಳು ಕಡವೆ, ಏನೋ ತಪ್ಪು ಮಾಡಿದವಳ ಹಾಗೆ.

"ಅದಕ್ಕೇನಂತೆ ಕಡವಕ್ಕ? ವಯಸ್ಸಾದ ಹಾಗೆ ಮೈ ಬರುತ್ತೆ. ಮೈ ಬಂದ ಹಾಗೆ ಆಟ ಬರುತ್ತೆ. ಕೊಂಬು ಮೂಡೋದನ್ನ ಯಾರಾದ್ರೂ ಹೇಳಿಕೊಡ್ತಾರಾ?"

ಕಡವೆಗೆ ಈ ಮಾತು ಜೇನಿನ ಹಾಗೆ ಹಿಡಿಸಿತು. ಮರುದಿನವೇ ಬೋರೆಹಣ್ಣು ತಂದು ಸುರಿದಳು.

ನರಿ ಮೇಷ್ಟ್ರ ಪಾಠ ಸುಲಭವಾಗಿತ್ತು. ಇದ್ದದ್ದು ಒಂದೇ ಚೆಂಡು. ಅದನ್ನು ಅವನು ತಲೆಯಡಿಗೆ ಇಟ್ಟುಕೊಂಡು ಮಲಗುತ್ತಿದ್ದ. "ಚೆಂಡು ಸವೆದು ಹೋಗುತ್ತೆ, ಮುಟ್ಟಬೇಡಿ. ಮರ ಸುತ್ತಿ ಓಡಿ!" ಎನ್ನುತ್ತಿದ್ದ. ಮಕ್ಕಳು ಹೊನ್ನೆಮರವನ್ನು ಸುತ್ತಿ ಓಡುತ್ತಿದ್ದರು. ಮೇಷ್ಟ್ರಿಗೆ ಎಚ್ಚರವಾದ ದಿನ ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ಸಲ ಚೆಂಡು ಒದೆಯುತ್ತಿದ್ದರು. ಅಲ್ಲಿಗೆ ಪಾಠ ಮುಗಿಯುತ್ತಿತ್ತು.

ಮಳೆಗಾಲ ಮುಗಿದಾಗಲೆಲ್ಲ ನರಿ ತಾಯಂದಿರನ್ನು ಕರೆಯುತ್ತಿದ್ದ. ಒಬ್ಬೊಬ್ಬ ಮರಿಯನ್ನೂ ಹೊನ್ನೆಮರಕ್ಕೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಮರದ ತೊಗಟೆಯ ಮೇಲೆ ಉಗುರಿನಿಂದ ಗೀಟು ಎಳೆಯುತ್ತಿದ್ದ. ಗೀಟಿನಿಂದ ಕೆಂಪು ರಸ ಜಿನುಗುತ್ತಿತ್ತು. "ನೋಡಿ! ಹೋದ ವರ್ಷ ಇಲ್ಲಿದ್ದ, ಈ ವರ್ಷ ಇಲ್ಲಿದ್ದಾನೆ. ಎಷ್ಟು ಸುಧಾರಿಸಿದ್ದಾನೆ!" ಎನ್ನುತ್ತಿದ್ದ. ತಾಯಂದಿರು ಕತ್ತೆತ್ತಿ ಗೀಟು ನೋಡಿ ಹಿಗ್ಗುತ್ತಿದ್ದರು. ಗಿಡ್ಡುವಿನ ಗೀಟು ನರಿಗೆ ಎಟುಕದೆ ಹೋದಾಗ ಅವನು ಹಂದಿಯಕ್ಕನ ಬೆನ್ನೇರಿ ನಿಂತು ಎಳೆದ. ಆ ದಿನ ಕಡವೆ ಕಣ್ಣೀರು ಹಾಕಿದಳು, ಸಂತೋಷಕ್ಕೆ.

"ಅಮ್ಮಾ, ಮೇಷ್ಟ್ರು ಚೆಂಡೇ ಕೊಡಲ್ಲ" ಎಂದ ಗಿಡ್ಡು.

"ಬಾಯಿ ಮುಚ್ಚು. ಗೀಟು ಎಲ್ಲಿಗೆ ಬಂದಿದೆ ನೋಡಿದ್ಯಾ?"

ಗಿಡ್ಡು ಪೊದೆಯಲ್ಲಿ ತನ್ನದೇ ಒಂದು ಬೇಲದ ಕಾಯಿ ಬಚ್ಚಿಟ್ಟುಕೊಂಡು ಆಡುತ್ತಿದ್ದ. ಮನೆಯಲ್ಲಿ ಆಡಿದರೆ ಓಟಕ್ಕೆ ಸುಸ್ತಾಗುತ್ತದೆ ಎಂದು ನರಿ ದೂರು ಹೇಳಿದ. ತಾಯಿ ಆ ಕಾಯಿಯನ್ನು ತನ್ನ ಗೊರಸಿನಿಂದಲೇ ಒದ್ದು ಹೊಳೆಗೆ ತಳ್ಳಿದಳು. ಅದು ತೇಲಿಕೊಂಡು ಬಲದಂಡೆ ಸೇರಿತು.

ಬಲದಂಡೆಯಲ್ಲಿ ಒಬ್ಬಳು ನೀರುನಾಯಿ ಅಜ್ಜಿ ಇದ್ದಳು. ಅವಳು ಮರಿಗೊಂದು ಕಾಯಿ ಕೊಟ್ಟು, ಬೆಳಗಿನಿಂದ ಸಂಜೆಯವರೆಗೆ ಕಾಲಿನಲ್ಲೇ ಇರಿಸುತ್ತಿದ್ದಳು. ತಪ್ಪಿದರೆ ಮತ್ತೆ, ಮತ್ತೂ ತಪ್ಪಿದರೆ ಮತ್ತೊಮ್ಮೆ.

"ಅಯ್ಯೋ ಅಜ್ಜಿ, ಆ ಇಲಿಯಂಥವು ನಮ್ಮ ಮಕ್ಕಳ ಮುಂದೆ ನಿಲ್ತಾವಾ?" ಎಂದು ಹಂದಿಯಕ್ಕ ಈಚೆಯಿಂದ ನಕ್ಕಳು.

"ನಿಲ್ಲೋದು ಯಾಕವ್ವ? ದಾಟಿಕೊಂಡು ಹೋದ್ರೆ ಸಾಕು" ಎಂದಳು ಅಜ್ಜಿ.

ಒಂದು ವರ್ಷ ಮಳೆ ಬರಲೇ ಇಲ್ಲ. ಹೊಳೆ ಬತ್ತಿತು. ಆಟದ ದಿನ ಬಂತು.

ಎಡದಂಡೆಯ ಮಕ್ಕಳು ಗುಡ್ಡಗಳ ಹಾಗೆ ಬಂದು ನಿಂತರು. ಎಲ್ಲರಿಗಿಂತ ಎತ್ತರ ಗಿಡ್ಡು. ತಾಯಿಯ ಎದೆ ಉಬ್ಬಿತು. ಹಂದಿಯಕ್ಕನ ಮಗ ಚೆಂಡನ್ನೂ ಅಡ್ಡ ಬಂದವರನ್ನೂ ಒಟ್ಟಿಗೆ ಗುಮ್ಮಿಕೊಂಡು ಹೋಗಿ ಒಂದು ಗೋಲು ಹಾಕಿದ. ಎಡದಂಡೆ ಕುಣಿಯಿತು. ಆಮೇಲೆ ಕುಣಿಯಲು ಏನೂ ಸಿಗಲಿಲ್ಲ. ನೀರುನಾಯಿ ಮರಿಗಳು ಆ ಎತ್ತರದ ಕಾಲುಗಳ ಸಂದಿಯಲ್ಲೇ ಚೆಂಡು ದಾಟಿಸಿಕೊಂಡು ಹೋಗಿ ಗೋಲು ಸಮ ಮಾಡಿದವು. ಕಡವೆಗೆ ಆ ಆಟ ಎಲ್ಲೋ ನೋಡಿದ ಹಾಗಿತ್ತು.

ಸೂರ್ಯ ಗುಡ್ಡ ಮುಟ್ಟಿದರೆ ಆಟ ಮುಗಿಯುತ್ತಿತ್ತು. ಆಗ ಚೆಂಡು ಗಿಡ್ಡುವಿನ ಕಾಲಿಗೆ ಬಂತು. ಎದುರಿಗೆ ಯಾರೂ ಇಲ್ಲ. ಗೋಲಿನ ಎರಡು ಕಲ್ಲು, ನಡುವೆ ಬಯಲು. "ಹೊಡಿಯೋ ಮಗನೇ!" ಎಂದು ತಾಯಿ ಕೂಗಿದಳು. ಗಿಡ್ಡು ಕಾಲು ಬೀಸಿದ. ಚೆಂಡು ಅವನ ಮೊಣಕಾಲಿಗೆ ಬಡಿದು ಪಕ್ಕಕ್ಕೆ ಚಿಮ್ಮಿತು. ಒಂದು ನೀರುನಾಯಿ ಮರಿ ಅದನ್ನು ಎತ್ತಿಕೊಂಡು ಹೋದ ಹಾಗೆ ಉರುಳಿಸಿಕೊಂಡು ಹೋಗಿ ಗೋಲಿಗೆ ತಳ್ಳಿತು.

ಮಡು ಬಲದಂಡೆಯ ಪಾಲಾಯಿತು.

ಗಿಡ್ಡು ತಾಯಿಯ ಬಳಿಗೆ ಬಂದ. "ಅಮ್ಮಾ, ನಾನು ಇಷ್ಟು ಎತ್ತರ ಬೆಳೆದೆನಲ್ಲ? ಆಟ ಯಾಕೆ ಬೆಳೀಲಿಲ್ಲ?" ಎಂದು ಕೇಳಿದ.

ತಾಯಿ ನರಿಯ ಕಡೆ ತಿರುಗಿದಳು. ನರಿಯ ಬಳಿ ಉತ್ತರ ಸಿದ್ಧವಿತ್ತು. "ಇನ್ನೂ ವಯಸ್ಸಾಗಿಲ್ಲ ಕಡವಕ್ಕ. ಇನ್ನೊಂದೆರಡು ಮಳೆಗಾಲ ಹೋಗಲಿ" ಎಂದ.

ಹಂದಿಯಕ್ಕ ಮುಂದೆ ಬಂದಳು. "ಇಲ್ಲಿ ಎಲ್ಲರಿಗಿಂತ ವಯಸ್ಸಾದವನು ನೀನೇ ಅಲ್ವೇನೋ? ಹಾಗಾದ್ರೆ ನಿನಗೆ ಬೇಕಾದಷ್ಟು ಆಟ ಬಂದಿರಬೇಕು. ಎಲ್ಲಿ, ಈ ನೀರುನಾಯಿ ಮರೀನ ದಾಟಿಕೊಂಡು ಹೋಗು" ಎಂದು ಚೆಂಡನ್ನು ಅವನ ಮುಂದೆ ತಳ್ಳಿದಳು.

ನರಿಗೆ ದಾರಿ ಉಳಿಯಲಿಲ್ಲ. ಚೆಂಡಿನ ಮೇಲೆ ಕಾಲಿಟ್ಟ. ಕಾಲು ಜಾರಿತು. ಮೂತಿ ಬಂಡೆಗೆ ಬಡಿದು ಮುಂದಿನ ಹಲ್ಲು ಮುರಿದವು. ಅಷ್ಟು ವರ್ಷ ತಲೆಯಡಿ ಇಟ್ಟುಕೊಂಡಿದ್ದರೂ ಚೆಂಡಿಗೆ ಅವನ ಗುರುತು ಸಿಗಲಿಲ್ಲ! ಹಂದಿಯಕ್ಕ ಅಟ್ಟಿಸಿಕೊಂಡು ಹೋದಳು. ನರಿ ತಾನು ಕಲಿಸಿದ ಒಂದೇ ಪಾಠವನ್ನು, ಅಂದರೆ ಓಟವನ್ನು, ಚೆನ್ನಾಗಿ ಓಡಿದ. ಓಡಿದ್ದು ಜೌಗಿನ ದಾರಿಗೆ. ಮತ್ತೆ ಅವನನ್ನು ಯಾರೂ ಕಾಣಲಿಲ್ಲ.

ನರಿ ಹೋದ. ಹೋದ ವರ್ಷಗಳು ಹಿಂದೆ ಬರಲಿಲ್ಲ. ಎಡದಂಡೆಯವರು ಬಾಯಾರಿ ಅದೇ ದಾರಿಯಲ್ಲಿ ನಡೆದರು. ಮೊದಲ ದಿನವೇ ಹಂದಿಯಕ್ಕನ ಕಿರಿಯ ಮರಿ ತಿರುಗಿ ಬರಲಿಲ್ಲ. ಅವಳು ಅಳಲೂ ಇಲ್ಲ. ಹೊನ್ನೆಮರದ ಬುಡದಲ್ಲಿ ಕುಳಿತು ತನ್ನ ದೊಡ್ಡ ಮಗನ ಗೀಟುಗಳನ್ನು ನೋಡುತ್ತಿದ್ದಳು.

ಗಿಡ್ಡು ದಿನವೂ ಒಂದು ಕಾಯಿ ಹಿಡಿದು ಪ್ರಯತ್ನಿಸಿದ. ಎಳೆತನದಲ್ಲಿ ಹೂವಿನಂತೆ ಬಗ್ಗುತ್ತಿದ್ದ ಕಾಲು ಈಗ ಮರದ ಕೊಂಬೆಯಾಗಿತ್ತು. ಕಾಯಿ ಪ್ರತಿ ಸಲವೂ ದೂರ ಓಡಿತು. ಒಂದು ಸಂಜೆ ಅವನು ಅದನ್ನು ಆಗಷ್ಟೇ ನಡೆಯಲು ಕಲಿತ ತಂಗಿಯ ಕಾಲ ಬಳಿಗೆ ಮೂತಿಯಿಂದ ತಳ್ಳಿದ.

"ತಗೋ. ನನ್ನಷ್ಟು ಎತ್ತರ ಆಗೋದರೊಳಗೆ ಕಲಿತುಬಿಡು" ಎಂದ.

ತಾಯಿ ಪೊದೆಯ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಹತ್ತಿರ ಹೋಗುವ ಮುಖ ಅವಳಿಗೆ ಇರಲಿಲ್ಲ.

ನೀತಿ: ವಯಸ್ಸು ಮೈಯನ್ನು ಬೆಳೆಸುತ್ತದೆ, ವಿದ್ಯೆಯನ್ನಲ್ಲ, ಕಲಿಯುವ ವಯಸ್ಸಿನಲ್ಲಿ ಚೆಂಡು ಕಸಿದುಕೊಂಡವರು ಬೆಳೆದ ಮೇಲೆ ಆಟ ಕೇಳಬಾರದು.