ಚೀಲಮ್ಮನ ನಾಲ್ಕು ಕೋಣೆ

"ಕಾಗದದವಳು ನೀನು, ಮೊದಲ ಕೋಣೆಯಲ್ಲೇ ಹರಿದುಹೋಗ್ತೀಯ," ಎಂದು ಧೂಳೆಳೆಯುವ ಯಂತ್ರದ ಫಿಲ್ಟರಣ್ಣ ಹುಡಿ ತುಂಬಿಕೊಳ್ಳುವ ಕಾಗದದ ಚೀಲವಾದ ಚೀಲಮ್ಮನನ್ನು ಯಂತ್ರದ ಹೊರಗೇ ಕೂರಿಸಿದ್ದ. ಮರದ ನೆಲವನ್ನು ಮರಳುಕಾಗದದಿಂದ ಉಜ್ಜಿ ನಯಮಾಡುವ ಕೆಲಸ ಶುರುವಾಯಿತು. ಅರ್ಧ ಕೋಣೆ ಮುಗಿಯುವಷ್ಟರಲ್ಲಿ ನುಣ್ಣನೆಯ ಮರದ ಹುಡಿ ಮೆತ್ತಿಕೊಂಡು ಫಿಲ್ಟರಣ್ಣನಿಗೆ ಉಸಿರು ಕಟ್ಟಿತು.

ಕಾದುಹೋದ ಮೋಟಾರು ಕೂಗಿತು: "ನಿನ್ನ ಜಂಬಕ್ಕೆ ನಾನು ಸುಟ್ಟುಹೋಗಬೇಕೇನಯ್ಯಾ? ಚೀಲಮ್ಮಾ, ಬಾರಮ್ಮ ಒಳಗೆ!"

"ಬರ್ತೀನಿ. ಆದರೆ ಹುಡಿಯೆಲ್ಲ ಮೊದಲು ನನ್ನ ಕೈಗೇ ಬರಬೇಕು."

"ತುಂಬಿದ ಮೇಲೆ ನಿನ್ನನ್ನು ಎಸೆದುಬಿಡ್ತಾರೆ, ಗೊತ್ತೇನು?" ಎಂದ ಫಿಲ್ಟರಣ್ಣ.

"ಎಸೆಯಲಿ. ಖಾಲಿ ಕೂತು ಹಳಬಳಾಗೋದು ನನಗೆ ಬೇಡ."

ನೆಲ ಉಜ್ಜುತ್ತಿದ್ದ ಮೇಸ್ತ್ರಿ ಯಂತ್ರ ನಿಲ್ಲಿಸಿ ಫಿಲ್ಟರನ್ನು ಕೊಡವಿ, ಚೀಲಮ್ಮನನ್ನು ಒಳಗೆ ಸಿಕ್ಕಿಸಿದ. ಆಮೇಲೆ ಮೋಟಾರು ಒಮ್ಮೆಯೂ ಏದುಸಿರು ಬಿಡಲಿಲ್ಲ. ನಾಲ್ಕನೆಯ ಕೋಣೆ ಮುಗಿಯುವಾಗ ಚೀಲಮ್ಮ ತುಂಬಿಹೋಗಿದ್ದಳು; ನಾಲ್ಕು ಕೋಣೆಗಳ ಹುಡಿ ಈಗ ಅವಳ ಸ್ವಂತ ಆಸ್ತಿ. ಐದನೆಯ ಕೋಣೆಯನ್ನು ಮಾತ್ರ ಅವಳು ನೋಡಲಿಲ್ಲ.