ಗಾಜಿನ ಕೋಣೆಯ ಎಲೀಷ

"ಅಯ್ಯನವರೇ, ನಮ್ಮ ಸಭೆಯಲ್ಲಿ ಆರಾಧನೆಯ ಹೊತ್ತಿಗೆ ಮೈಕು, ಕ್ಯಾಮೆರಾ, ದೀಪ ನೋಡಿಕೊಳ್ಳಲು ಬರುವವರು ಕೆಲವು ತಿಂಗಳಲ್ಲೇ ಬಿಟ್ಟುಹೋಗುತ್ತಾರೆ. ಅವರಿಗೆ ಕೆಲಸ ಹಂಚುವವನು ನಾನೇ; ಯಾರನ್ನೂ ನೋಯಿಸಿಲ್ಲ. ಮತ್ತೇಕೆ ಹೋಗುತ್ತಾರೆ?" ಎಂದು ಶಿಷ್ಯ ಯೋನ ಕೇಳಿದ.

ಅಯ್ಯನವರು ಹೇಳಿದರು:

ಒಂದು ಊರಿನ ಕ್ರೈಸ್ತ ಸಭೆಗೆ ಎಲೀಷ ಎಂಬ ಫೋಟೋಗ್ರಾಫರ್ ಬಂದ. ಮದುವೆಗಳಲ್ಲಿ, ದೀಕ್ಷಾಸ್ನಾನಗಳಲ್ಲಿ ಜನರ ಮುಖ ನೋಡುತ್ತಲೇ ಅರ್ಧ ಆಯುಷ್ಯ ಕಳೆದವನು. ಹೆಂಡತಿ ತೀರಿಕೊಂಡ ಮೇಲೆ ಸ್ಟುಡಿಯೋ ಮುಚ್ಚಿದ್ದ. ಮನೆಯಲ್ಲಿ ಮಾತಾಡುವವರಿರಲಿಲ್ಲ. "ನನ್ನಿಂದಾಗುವ ಸೇವೆ ಕೊಡಿ" ಎಂದು ಸಭೆಯ ಹಿರಿಯರನ್ನು ಕೇಳಿಕೊಂಡ.

ಮೈಕುಗಳ ಧ್ವನಿ ಹೊಂದಿಸುವವರ ಜಾಗ ಖಾಲಿ ಇತ್ತು. ಹಿರಿಯರು ಅವನನ್ನು ಅಲ್ಲಿ ಕೂರಿಸಿದರು. ದೇವಾಲಯದ ಹಿಂಬದಿಯ ಗಾಜಿನ ಕೋಣೆ ಅದು. ಹೆಡ್‌ಫೋನಿನಲ್ಲಿ ಎಲ್ಲರ ದನಿಯೂ ಕೇಳುತ್ತಿತ್ತು; ಅವನನ್ನು ಮಾತಾಡಿಸುವ ದನಿ ಮಾತ್ರ ಇರಲಿಲ್ಲ. ವೈರುಗಳನ್ನು ಸುತ್ತಿಟ್ಟು ಅವನು ಹೊರಬರುವಷ್ಟರಲ್ಲಿ ಜನ ಚದುರಿ ಹೋಗಿರುತ್ತಿದ್ದರು.

ಕ್ಯಾಮೆರಾದ ಹಿಂದೆ ತಬಿತಾ ಎಂಬ ಹೆಂಗಸು ನಿಲ್ಲುತ್ತಿದ್ದಳು. ಜನರನ್ನು ನೇರವಾಗಿ ನೋಡಲು ಅವಳಿಗೆ ಸಂಕೋಚ. ಕ್ಯಾಮೆರಾವನ್ನು ಪ್ರಸಂಗಪೀಠದ ಕಡೆಗಿಟ್ಟು, ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದಳು. ಯಾರ ಶ್ರುತಿ ಜಾರಿದರೂ ಅವಳ ಹುಬ್ಬು ಗಂಟಾಗುತ್ತಿತ್ತು.

ಒಂದು ಭಾನುವಾರ ತಬಿತಾ ಬರಲಿಲ್ಲ. ಎಲೀಷ ಕೋಣೆಯಿಂದ ಎದ್ದುಬಂದು ಕ್ಯಾಮೆರಾವನ್ನು ಜನರತ್ತ ತಿರುಗಿಸಿದ. ಕೊನೆಯ ಸಾಲಿನಲ್ಲಿ ಹಾಡುತ್ತಿದ್ದ ಒಬ್ಬ ಮುದುಕಿಯ ಮುಖ ದೊಡ್ಡ ಪರದೆಯ ಮೇಲೆ ಬಂತು. ಜನ ಹಾಡುವುದನ್ನು ಮರೆತು ನೋಡಿದರು. ಅಷ್ಟರಲ್ಲಿ ಮೈಕು ಕಿರುಚಿತು.

"ನಿನ್ನ ಕೆಲಸ ಧ್ವನಿ ನೋಡುವುದು ಎಲೀಷ. ಅದನ್ನು ಬಿಟ್ಟು ಏಳಬೇಡ" ಎಂದರು ಹಿರಿಯರು.

"ಆಗಲಿ ಅಯ್ಯಾ" ಎಂದ. ಮತ್ತೆ ಏಳಲಿಲ್ಲ.

ಕೆಲವು ತಿಂಗಳ ಮೇಲೆ ಅವನು ಬರುವುದನ್ನು ನಿಲ್ಲಿಸಿದ. ಆ ಜಾಗದಲ್ಲಿ ಬೇರೊಬ್ಬರು ಕೂತರು. ಧ್ವನಿ ಕೆಡಲಿಲ್ಲ, ಹಾಗಾಗಿ ಯಾರೂ ಅವನನ್ನು ವಿಚಾರಿಸಲಿಲ್ಲ. ಕ್ರಿಸ್ಮಸ್ ಹತ್ತಿರವಾದಾಗ ಆ ಮುದುಕಿ, "ನನ್ನ ಮುಖ ತೋರಿಸಿದವನು ಕಾಣುತ್ತಿಲ್ಲವಲ್ಲ?" ಎಂದು ಕೇಳಿದಳು. ಆಗ ಹಿರಿಯರು ಅವನ ಮನೆಗೆ ಹೋದರು. ಎಲೀಷ ಸಾಮಾನು ಕಟ್ಟುತ್ತಿದ್ದ.

"ನಮ್ಮಲ್ಲಿ ಏನು ತೊಂದರೆಯಾಯಿತಪ್ಪ?"

"ತೊಂದರೆ ಏನೂ ಆಗಲಿಲ್ಲ ಅಯ್ಯಾ. ನಾನು ಅಲ್ಲಿ ಇದ್ದೇನೆ ಅಂತ ನನಗೇ ಅನ್ನಿಸಲಿಲ್ಲ."

"ಕ್ಯಾಮೆರಾ ಇನ್ನು ನೀನೇ ನೋಡಿಕೋ. ಬಾ."

ಎಲೀಷ ಅವರ ಮುಖ ನೋಡಿದ. "ತಂಗಿಯ ಊರಿಗೆ ಬರುತ್ತೇನೆಂದು ಮಾತು ಕೊಟ್ಟಾಗಿದೆ" ಎಂದ. ಸಂಜೆಯ ಬಸ್ಸಿಗೆ ಹೊರಟುಹೋದ.

ಮರುದಿನ ಹಿರಿಯರು ತಬಿತಾಳನ್ನು ಕರೆದು, ಅವಳಿಗೆ ಏನು ಇಷ್ಟವೆಂದು ಮೊದಲ ಬಾರಿ ಕೇಳಿದರು. ಧ್ವನಿಯ ಕೋಣೆಯನ್ನು ಅವಳಿಗೆ ಒಪ್ಪಿಸಿದರು. ಆ ಕ್ರಿಸ್ಮಸ್ಸಿನ ಹಾಡುಗಳಷ್ಟು ಇಂಪಾದ ಹಾಡನ್ನು ಆ ಸಭೆ ಹಿಂದೆ ಕೇಳಿರಲಿಲ್ಲ. ಕ್ಯಾಮೆರಾದ ಹಿಂದೆ ಯಾರೂ ಇರಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು.

"ಎಲೀಷನಿಗೆ ಕ್ಯಾಮೆರಾವನ್ನು ಮೊದಲೇ ಕೊಟ್ಟಿದ್ದರೆ ಅವನು ಉಳಿಯುತ್ತಿದ್ದ, ಅಲ್ಲವೇ?" ಎಂದ ಯೋನ.

"ಅದನ್ನು ಅವನಿಗೆ ಕೊಡಬೇಕೆಂದು ತಿಳಿಯಲು, ಯಾರಾದರೂ ಒಂದು ಗಳಿಗೆ ಅವನ ಪಕ್ಕದಲ್ಲಿ ಕೂತಿರಬೇಕಿತ್ತು."