ಜೊಂಡಿನಲ್ಲಿ ಮೊಲ ತೆಗೆದ ಕಿಂಡಿ

ಗೌಜಲಕಟ್ಟೆ ಕೆರೆ ಗೊತ್ತಾ ಮಕ್ಕಳೇ? ಗೊತ್ತಿರಲಿಕ್ಕಿಲ್ಲ. ನಕ್ಷೆಯಲ್ಲಿ ಅದು ಸಾಸಿವೆ ಕಾಳಿನಷ್ಟೂ ಇಲ್ಲ. ಆದರೆ ನಮ್ಮ ಕಡೆಯ ಹತ್ತು ಹಳ್ಳಿ ಸುತ್ತಿ ಬನ್ನಿ, ಅಂಥ ಕೆರೆ ಇನ್ನೊಂದು ಸಿಕ್ಕರೆ ನಾನು ಕತೆ ಹೇಳುವುದನ್ನೇ ಬಿಡುತ್ತೇನೆ. ಒಂದು ಬದಿಗೆ ಏರಿ, ಏರಿಯ ಮೇಲೆ ಹೊಂಗೆ ಮರಗಳ ಸಾಲು. ಇನ್ನೊಂದು ಬದಿಗೆ ಕುರುಚಲು ಕಾಡು. ಮೂಲೆಯಲ್ಲಿ ಆಳೆತ್ತರದ ಜೊಂಡು. ಮಿಂಚುಳ್ಳಿ, ನೀರುಕಾಗೆ, ಗುಳುಮುಳುಕ, ಬೆಳ್ಳಕ್ಕಿ, ಯಾವ ಹಕ್ಕಿ ಬೇಕು ಕೇಳಿ, ಅಲ್ಲಿದೆ.

ಆ ಕುರುಚಲು ಕಾಡಿನಲ್ಲಿ ಕೆಂಚ ಎಂಬ ಮೊಲವಿತ್ತು. ಹೊಟ್ಟೆ ತುಂಬಿದ ಮೇಲೆ ಬೇರೆ ಮೊಲಗಳು ಮಲಗಿದರೆ ಇದು ಹಕ್ಕಿ ನೋಡಲು ಹೋಗುತ್ತಿತ್ತು. ಸುಮ್ಮನೆ ಹೋಗುವುದಲ್ಲ, ಅದಕ್ಕೊಂದು ಕ್ರಮವಿತ್ತು. ಬೆಳಿಗ್ಗೆ ಮೂಡಣ ದಡ, ಸಂಜೆ ಪಡುವಣ ದಡ. ಬಿಸಿಲು ಯಾವಾಗಲೂ ಬೆನ್ನಿಗಿರಬೇಕು. ದನಗಳು ನೀರು ಕುಡಿದು ಹೋದ ಮೇಲೆ ತುಳಿದ ಕೆಸರಿನಿಂದ ಹುಳ ಏಳುತ್ತವೆ, ಆಗ ಅಲ್ಲಿ ಗದ್ದೆಗೊರವಗಳು ಇಳಿಯುತ್ತವೆ. ಒಣಕೊಂಬೆಯ ಕೆಳಗೆ ಕಲ್ಲಿನ ಮೇಲೆ ಬಿಳಿ ಹಿಕ್ಕೆ ಕಂಡರೆ ಮಿಂಚುಳ್ಳಿ ಅಲ್ಲಿಗೆ ಬಂದೇ ಬರುತ್ತದೆ. ಇದನ್ನೆಲ್ಲ ಕೆಂಚನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೂತು ಕೂತು ಕಲಿತದ್ದು.

ಕಲಿತದ್ದು ನಿಜ, ಕಲಿತೆನೆಂಬ ಜಂಬವೂ ಅಷ್ಟೇ ನಿಜ. "ಈ ಕೆರೆಯಲ್ಲಿ ನನಗೆ ಗೊತ್ತಿಲ್ಲದೆ ಒಂದು ಪುಕ್ಕ ಉದುರಲ್ಲ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿತ್ತು. ಜಿಂಕೆಯಾಗಲಿ ಮುಳ್ಳುಹಂದಿಯಾಗಲಿ, ಹಕ್ಕಿ ನೋಡುವ ಆಸೆಯಾದರೆ ಕೆಂಚನ ಪೊದೆಯ ಮುಂದೆ ಬಂದು ನಿಲ್ಲುತ್ತಿದ್ದವು. ಆಗ ಮೊಲದ ಕಿವಿಗಳು ಇನ್ನೂ ಎರಡಂಗುಲ ಮೇಲೇಳುತ್ತಿದ್ದವು.

ಒಂದು ಶ್ರಾವಣದಲ್ಲಿ ಜೊಂಡಿನ ಒಳಗಿನಿಂದ ಹುಂಡುಕೋಳಿಯ ದನಿ ಕೇಳಿಸಿತು. ಕಪ್ಪು ಬೆನ್ನು, ಸುಣ್ಣ ಬಳಿದಂಥ ಎದೆ, ಮೋಟು ಬಾಲ. ನೀರಿನಂಚಿನಲ್ಲಿ ಕಂಡ ಹಾಗೆ ಮಾಡಿ ಮಾಯವಾಗುವ ನಾಚಿಕೆಯ ಹಕ್ಕಿ ಅದು. ಕೆಂಚ ಹದಿನಾಲ್ಕು ಬೆಳಿಗ್ಗೆ ಅಲ್ಲಿ ಹೋಗಿ ಕೂತಿತು. ದಿನಕ್ಕೆ ಒಂದೇ ಹೆಜ್ಜೆ ಮುಂದೆ. ಹದಿನೈದನೆಯ ದಿನ ಜೊಂಡಿನ ಸಂದಿಯಲ್ಲಿ ಗೂಡು ಕಂಡಿತು. ಗೂಡಿನಲ್ಲಿ ಐದು ಮೊಟ್ಟೆ, ಮೈತುಂಬ ತುಕ್ಕುಬಣ್ಣದ ಚುಕ್ಕೆ. ಹಕ್ಕಿಯೂ ಮೊಲವನ್ನು ಕಂಡಿತು. ಆದರೆ ಎದ್ದು ಓಡಲಿಲ್ಲ.

ಇಷ್ಟು ದಿನ ಮೊಲ ಬಂದು ಕೂರುವುದನ್ನು ಅದೂ ನೋಡುತ್ತಲೇ ಇತ್ತಂತೆ. ಆಷಾಢದಲ್ಲಿ ಇಟ್ಟ ಮೊದಲ ಮೊಟ್ಟೆಗಳನ್ನು ಕೆರೆಗೆ ಬಂದ ಹೊಸನೀರು ಎಳೆದುಕೊಂಡು ಹೋಯಿತೆಂದೂ ಭಾದ್ರಪದ ಕಳೆದರೆ ಮರಿ ಮಾಡುವ ಕಾಲ ಮುಗಿಯಿತೆಂದೂ ಈ ವರ್ಷಕ್ಕೆ ತನಗೆ ಉಳಿದಿರುವುದು ಈ ಐದೇ ಎಂದೂ ಹೇಳಿಕೊಂಡಿತು.

"ನೀನು ಬಂದು ಕೂತ್ಕೋ, ಬೇಡ ಅನ್ನಲ್ಲ" ಎಂದಿತು ಹುಂಡುಕೋಳಿ. "ಆದರೆ ಈ ಜಾಗ ನಿನ್ನ ಹೊಟ್ಟೆಯಲ್ಲೇ ಇರಲಿ ತಮ್ಮಾ."

"ನನ್ನ ಬಾಯಿಂದ ಹೊರಗೆ ಬರಲ್ಲ ಅಕ್ಕಾ" ಎಂದಿತು ಮೊಲ.

ಎಂಟು ದಿನ ಮಾತು ಉಳಿಸಿಕೊಂಡಿತು. ಜಂಬದ ಬಾಯಿಗೆ ಎಂಟು ದಿನವೆಂದರೆ ಸಣ್ಣ ವ್ರತವಲ್ಲ ಮಕ್ಕಳೇ.

ಒಂಬತ್ತನೆಯ ದಿನ ಪಕ್ಕದ ಬಸರಿಕಟ್ಟೆ ಕೆರೆಯಿಂದ ಗೀರ ಎಂಬ ಅಳಿಲು ಬಂತು. ಜೊತೆಗೆ ಗುಡ್ಡದ ಮೇಲಿನ ಕೊಂಡುಕುರಿ. ಕೊಂಡುಕುರಿಯೆಂದರೆ ಜಿಂಕೆಯಂಥದೇ ಚಿಕ್ಕ ಪ್ರಾಣಿ. ಈ ಕೊಂಡುಕುರಿಗೆ ವಯಸ್ಸಾಗಿತ್ತು, ಎಲ್ಲರಿಗೂ ದೊಡ್ಡಮ್ಮ. ದೊಡ್ಡಮ್ಮ ಒಂದು ಮಾತು ಹೊಗಳಿದರೆ ಇಡೀ ಗುಡ್ಡ ಅದನ್ನೇ ಹಾಡುತ್ತಿತ್ತು. ತನ್ನ ಕಟ್ಟೆಯಲ್ಲಿ ಒಂದೇ ಬೆಳಿಗ್ಗೆ ಹನ್ನೊಂದು ಜಾತಿ ಹಕ್ಕಿ ತೋರಿಸಿದೆನೆಂದು ಅಳಿಲು ಬರುವಾಗಲೇ ಹೇಳಿಕೊಂಡಿತು. ಕೆಂಚ ಬಿಟ್ಟೀತೇ? ಹೊತ್ತು ಏರುವುದರೊಳಗೆ ಹತ್ತೊಂಬತ್ತು ತೋರಿಸಿತು.

"ಇವೆಲ್ಲ ನಮ್ಮ ಕಟ್ಟೆಯಲ್ಲೂ ಇವೆ ಬಿಡಪ್ಪಾ" ಎಂದಿತು ಅಳಿಲು. "ನಿನ್ನ ಕಾಲು ಉದ್ದ, ಸುತ್ತಿಸಿ ಎಣಿಸಿದೆ. ಅಷ್ಟೇ ತಾನೆ?"

ದೊಡ್ಡಮ್ಮ ಆಕಳಿಸಿತು. "ಹಾರೋ ಹಕ್ಕಿ ಗುಡ್ಡದಲ್ಲೂ ಕಾಣುತ್ತೆ ಮಗಾ. ಗೂಡು ಕಟ್ಟಿಕೊಂಡು ಕಾವು ಕೂತಿರೋದನ್ನ ಮಾತ್ರ ಈ ವಯಸ್ಸಿಗೂ ಹತ್ತಿರದಿಂದ ನೋಡಿಲ್ಲ."

ಕೆಂಚನ ಗಂಟಲಿನವರೆಗೆ ಬಂದ ಮಾತು ಅಲ್ಲಿ ನಿಲ್ಲಲಿಲ್ಲ. ಉಸಿರು ಬಿಗಿಹಿಡಿದು ಹಿಂದೆ ಬನ್ನಿ ಎಂದು ಇಬ್ಬರನ್ನೂ ಜೊಂಡಿನ ಕಡೆಗೆ ಕರೆದುಕೊಂಡು ಹೋಯಿತು. ಹದಿನಾಲ್ಕು ದಿನದಲ್ಲಿ ಇಟ್ಟ ಹೆಜ್ಜೆಗಳನ್ನು ಅಂದು ಒಂದೇ ಉಸಿರಿಗೆ ಇಟ್ಟಿತು.

ಅಲ್ಲಿ ನೋಡಿದರೆ ಬರೀ ಜೊಂಡು. ಸಂದಿಗೆ ಕಣ್ಣಿಟ್ಟು ತಾಳ್ಮೆಯಿಂದ ನೋಡಿದರೆ ಕಾಣುವ ಗೂಡು ಅದು. ದೊಡ್ಡಮ್ಮ ಕತ್ತು ಅತ್ತ ಚಾಚಿತು, ಇತ್ತ ಚಾಚಿತು, ತನಗೇನೂ ಕಾಣದು ಎಂದಿತು.

"ಹುಲ್ಲು ತೋರಿಸೋಕೆ ಇಷ್ಟು ದೂರ ನಡೆಸಿದೆಯಾ ಕೆಂಚಾ?" ಎಂದು ಅಳಿಲು ಬಾಲ ಕುಣಿಸಿ ನಕ್ಕಿತು.

ಮೊಲಕ್ಕೆ ಮುಖ ಸುಟ್ಟ ಹಾಗಾಯಿತು. ಮುಂದೆ ಅದು ಮಾಡಿದ್ದನ್ನು ಮೊಲ ಮಾತ್ರ ಮಾಡಬಹುದಾಗಿತ್ತು. ನಮಗೆ ಜೊಂಡು ಮರೆ, ಹಕ್ಕಿಗೆ ಗೋಡೆ, ಮೊಲಕ್ಕೆ ಅದು ಊಟ. ಮುಂದಿದ್ದ ನಾಲ್ಕು ದಂಟನ್ನು ಕರಕರನೆ ಕಡಿದು ನುಂಗಿತು. ಇನ್ನೂ ಸರಿಯಾಗಿ ಕಾಣಲಿಲ್ಲವೆಂದು ಮತ್ತೆ ನಾಲ್ಕು. ತಲೆ ಹಿಡಿಯುವಷ್ಟು ಕಿಂಡಿಯಾಯಿತು.

ಆಗ ಕಂಡಿತು. ಬಿಳಿ ಎದೆಯನ್ನು ಮೊಟ್ಟೆಗಳ ಮೇಲೆ ಊರಿ ಹುಂಡುಕೋಳಿ ಕೂತಿತ್ತು. ಕಣ್ಣು ಮಿಟುಕಿಸಲಿಲ್ಲ. ಕೆಂಚನನ್ನೇ ನೋಡುತ್ತಿತ್ತು. ಕೆಂಚ ನೋಡುತ್ತಿದ್ದದ್ದು ದೊಡ್ಡಮ್ಮನ ಮುಖವನ್ನು.

"ಜನ್ಮ ಸಾರ್ಥಕವಾಯ್ತು ಮಗಾ" ಎಂದಿತು ದೊಡ್ಡಮ್ಮ. ಅಳಿಲು ಬಾಲ ಇಳಿಬಿಟ್ಟು ಮುಂದೆ ನಡೆಯಿತು. ಆ ದಿನ ಮೊಲ ಕುಪ್ಪಳಿಸಿದ ಎತ್ತರಕ್ಕೆ ಒಂದು ಬೇಲಿ ದಾಟಬಹುದಿತ್ತು.

ಸುದ್ದಿ ಗುಡ್ಡಕ್ಕೆ ಮುಟ್ಟಿತು. ಮರುದಿನ ಬೆಳಿಗ್ಗೆ ಹಕ್ಕಿ ನೋಡಲು ಹದಿನೈದು ಇಪ್ಪತ್ತು ಪ್ರಾಣಿಗಳು ಇಳಿದು ಬಂದವು. ಕೆಂಚ ಮುಂದೆ, ಉಳಿದವರು ಹಿಂದೆ. ಮೊದಲು ನೋಡುವ ಗೌರವ ತನ್ನದೆಂದು ಮೊಲ ಕಿಂಡಿಯಲ್ಲಿ ತಲೆ ತೂರಿಸಿತು.

ಗೂಡಿನಲ್ಲಿ ಒಡೆದ ಚಿಪ್ಪುಗಳಿದ್ದವು. ಒಂದರಲ್ಲಿ ಇನ್ನೂ ಹಳದಿ ಅಂಟಿಕೊಂಡಿತ್ತು. ಪಕ್ಕದ ಲಂಟಾನದ ಮೇಲೆ ಕೆಂಬೂತವೊಂದು ಕೂತು ಕೊಂಬೆಗೆ ಕೊಕ್ಕು ಒರೆಸಿಕೊಳ್ಳುತ್ತಿತ್ತು.

ಮೊಲ ಮೈಮೇಲೆ ಬಂದವರ ಹಾಗೆ ಕೂಗಾಡಿತು. ಕಳ್ಳ ಎಂದಿತು, ಪಾಪಿ ಎಂದಿತು. ಕೆಂಬೂತ ಪೂರ್ತಿ ಕೇಳಿಸಿಕೊಂಡಿತು.

"ನಾನು ಹುಡುಕಿಕೊಂಡು ಬಂದಿಲ್ಲಪ್ಪಾ" ಎಂದಿತು. "ಈ ಜೊಂಡಿನ ಪಕ್ಕ ತಿಂಗಳಿಂದ ಓಡಾಡ್ತಿದೀನಿ, ಒಂದು ದಿನವೂ ಏನೂ ಕಂಡಿರಲಿಲ್ಲ. ನಿನ್ನೆ ಸಂಜೆ ನೋಡಿದರೆ ಬಾಗಿಲು ತೆಗೆದಿತ್ತು. ಇವತ್ತು ಹಕ್ಕಿ ಮೇವಿಗೆ ಏಳೋದನ್ನ ಕಾದೆ, ಒಳಗೆ ಹೋದೆ."

ಹಿಂದೆ ನಿಂತವರು ಹಕ್ಕಿಯೆಲ್ಲಿ, ಹಕ್ಕಿಯೆಲ್ಲಿ ಎಂದು ಸ್ವಲ್ಪ ಹೊತ್ತು ಕೇಳಿದರು. ನೋಡಲು ಏನೂ ಇಲ್ಲವೆಂದು ತಿಳಿದ ಮೇಲೆ ಒಬ್ಬೊಬ್ಬರಾಗಿ ಹೊರಟರು. ಬಿಸಿಲು ಏರಿತ್ತು, ಗುಡ್ಡ ದೂರ.

ಮೊಲವೊಂದೇ ಉಳಿಯಿತು. ಹುಂಡುಕೋಳಿ ನೀರಿನ ಕಡೆಯಿಂದ ಬಂದು ಗೂಡಿನ ಅಂಚಿನಲ್ಲಿ ನಿಂತಿತು. ಕೆಂಚ ತಲೆ ಎತ್ತಲಿಲ್ಲ. ತೋರಿಸಬೇಕೆಂದಷ್ಟೇ ಇತ್ತು, ಕೆಡಿಸಬೇಕೆಂದಿರಲಿಲ್ಲ ಎಂದು ತೊದಲಿತು.

"ಗೊತ್ತು" ಎಂದಿತು ಹುಂಡುಕೋಳಿ. "ಒಳ್ಳೆಯವರು ನೋಡಲಿ ಅಂತಲೇ ನೀನು ಕಿಂಡಿ ಮಾಡಿದೆ. ಆದರೆ ಕಿಂಡಿಗೆ ಒಳ್ಳೆಯ ಕಣ್ಣು ಯಾವುದು, ಕೆಟ್ಟ ಕಣ್ಣು ಯಾವುದು ಅಂತ ಗೊತ್ತಾಗುತ್ತಾ ತಮ್ಮಾ?"

ಬೈಯಲಿಲ್ಲ. ಬೈದಿದ್ದರೆ ಮೊಲಕ್ಕೆ ಸುಲಭವಾಗುತ್ತಿತ್ತು. ಹಕ್ಕಿ ನೀರಿಗಿಳಿದು ಆಚೆ ದಡಕ್ಕೆ ಹೋಯಿತು. ಆ ವರ್ಷ ಜೊಂಡಿನಿಂದ ಮತ್ತೆ ಅದರ ದನಿ ಬರಲಿಲ್ಲ.

ಕೆಂಚ ಹಕ್ಕಿ ನೋಡುವುದನ್ನು ಬಿಡಲಿಲ್ಲ. ಬಿಡಲಾಗಲಿಲ್ಲ. ಆದರೆ ಈಗ ದೂರ ಕೂರುತ್ತಿತ್ತು. ಹಕ್ಕಿ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿದರೆ ತಾನು ಹತ್ತಿರ ಬಂದೆನೆಂದು ಅರ್ಥಮಾಡಿಕೊಂಡು ಹಿಂದೆ ಸರಿಯುತ್ತಿತ್ತು. ಯಾರಾದರೂ ಜೊತೆಗೆ ಬಂದರೆ ಅವರನ್ನೂ ಹಿಂದೆ ಸರಿಸುತ್ತಿತ್ತು. ಇದೆಂಥ ಹಕ್ಕಿ ನೋಡುವುದು ಎಂದು ಕೆಲವರು ಗೊಣಗಿದರು.

ವರ್ಷ ತಿರುಗಿತು. ಮತ್ತೆ ಶ್ರಾವಣ ಬಂತು. ಒಂದು ಮುಂಜಾನೆ ಕೆರೆಯ ಕೋಡಿಯ ಹತ್ತಿರ, ಯಾರೂ ಕಾಲಿಡದ ಮುಳ್ಳುಪೊದೆಯ ಬುಡದಲ್ಲಿ, ಬಿಳಿ ಎದೆಯೊಂದು ನುಸುಳಿದ್ದನ್ನು ಮೊಲ ಕಂಡಿತು. ಕೊಕ್ಕಿನಲ್ಲಿ ಹುಲ್ಲಿನ ಎಸಳು. ಅಷ್ಟು ಸಾಕಾಗಿತ್ತು ಅದಕ್ಕೆ, ಎಲ್ಲವೂ ತಿಳಿಯಿತು. ಒಂದು ಹೆಜ್ಜೆಯೂ ಮುಂದಿಡದೆ ಬಂದ ದಾರಿಯಲ್ಲೇ ಹಿಂತಿರುಗಿತು. ಮತ್ತೆ ಆ ಕಡೆಗೆ ಹೋಗಲಿಲ್ಲ.

ನಾಲ್ಕು ದಿನ ಕಳೆದು ಅಳಿಲು ಬಂತು. ಈ ಸಲ ಜೊತೆಗೆ ಗುಡ್ಡದ ಅರ್ಧ ಬಳಗ.

"ಏನಪ್ಪಾ ಕೆಂಚಾ, ಹುಂಡುಕೋಳಿ ಮತ್ತೆ ಬಂದಿದೆಯಂತೆ, ದನಿ ಕೇಳಿದವರಿದ್ದಾರೆ. ಗೂಡೆಲ್ಲಿ?"

ಮೊಲದ ನಾಲಗೆ ಒಮ್ಮೆ ಮೇಲೆದ್ದು ಹಲ್ಲಿಗೆ ತಾಗಿತು.

"ಗೊತ್ತಿಲ್ಲ" ಎಂದಿತು.

ಆ ಮಾತನ್ನು ಅದರ ಬಾಯಿಂದ ಯಾರೂ ಕೇಳಿರಲಿಲ್ಲ. ಬಳಗವೆಲ್ಲ ಮುಖ ಮುಖ ನೋಡಿಕೊಂಡಿತು. ಪುಕ್ಕ ಉದುರಿದರೂ ತಿಳಿಯುತ್ತಿದ್ದ ಮಹರಾಯನಿಗೆ ಈಗ ಕಣ್ಣು ಮಂಜಾಗಿದೆ ಎಂದು ಅಳಿಲು ಎಲ್ಲರನ್ನೂ ನಗಿಸಿತು. ಮೊಲ ಅವರನ್ನು ಕೋಡಿಯಿಂದ ದೂರ, ಏರಿಯ ಕೆಳಗೆ ಕರೆದೊಯ್ದು ಕೂರಿಸಿ ಮಿಂಚುಳ್ಳಿ ಮುಳುಗಿ ಮೀನು ಹಿಡಿಯುವುದನ್ನು ತೋರಿಸಿತು. ಹೋಗುವಾಗ ದೊಡ್ಡಮ್ಮ ಕೂಡ ಹೊಗಳಲಿಲ್ಲ. ಆ ಮಳೆಗಾಲವೆಲ್ಲ ಸುತ್ತಿನ ಕಾಡಿನಲ್ಲಿ ಹಕ್ಕಿ ನೋಡಬೇಕೆಂದವರು ಗೀರನನ್ನೇ ಕೇಳಿದರು.

ಮೂರು ವಾರದ ಮೇಲೆ ಎಲ್ಲರೂ ಸಂಜೆ ನೀರಿಗೆ ಬಂದಿದ್ದಾಗ ಕೋಡಿಯ ಕಡೆಯಿಂದ ಹುಂಡುಕೋಳಿ ಹೊರಬಂತು. ಹಿಂದೆ ಇದ್ದಿಲ ಚೂರಿನಂಥ ಆರು ಮರಿಗಳು. ತೆರೆದ ನೀರಿನಲ್ಲಿ, ಎಲ್ಲರ ಕಣ್ಣೆದುರಿಗೇ, ತಾಯಿಯ ಬಾಲದ ಜಾಡು ಹಿಡಿದು ಸಾಲಾಗಿ ತೇಲಿದವು.

ಅಳಿಲು ಹೊಂಗೆಯ ಕೊಂಬೆಯ ತುದಿಗೆ ಓಡಿತು. "ನೋಡಿ, ನೋಡಿ. ನಾನೇ ಮೊದಲು ಕಂಡಿದ್ದು. ಕೆಂಚಾ, ನಾನೇ ತಾನೆ?"

ಮೊಲ ಮರಿಗಳನ್ನು ಇನ್ನೊಮ್ಮೆ ಎಣಿಸಿತು.

"ಹೌದು ಗೀರಾ" ಎಂದಿತು. "ನೀನೇ."

ನೀತಿ: ಕಂಡದ್ದನ್ನೆಲ್ಲ ತೋರಿಸಬೇಕಾಗಿಲ್ಲ, ತೋರಿಸಿ ಗಳಿಸುವ ಹೆಸರಿಗಿಂತ ಬಾಯಿ ಮುಚ್ಚಿ ಉಳಿಸುವ ಜೀವ ದೊಡ್ಡದು.